ದಾದಿಯ ವಿದ್ಯೆ ಬೆಳೆದು ಬಂದ ಬಗೆ

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯಲ್ಲಿ, ಮದ್ದೂರನ್ನು ದಾಟಿ ಮಂಡ್ಯವನ್ನು ಮುಟ್ಟುವುದಕ್ಕೆ ಮುಂಚೆ, ಗೆಜ್ಜಲಗೆರೆ ಎಂಬ ಊರು ಸಿಕ್ಕುತ್ತದೆ. ಹಾಲಿನ ಡೈರಿಯ ಮೂಲಕ ಆ ಊರಿನ ಹೆಸರು ಸೀಮೆಗೆಲ್ಲ ಪರಿಚಿತ. 2023ನೆಯ ಇಸವಿ ಮಾರ್ಚಿ 12ರಂದು ಬೆಂಗಳೂರು ಮೈಸೂರುಗಳ ನಡುವಣ ಹೊಸ ಹೆದ್ದಾರಿಯ ಉದ್ಘಾಟನೆ ನಡೆದದ್ದೂ ಅಲ್ಲಿಯೇ. ಈಚೆಗೆ ಒಂದು ಭಾನುವಾರ ಸ್ನೇಹಿತರೊಬ್ಬರ ಮನೆಯ ಶುಭಕಾರ್ಯಕ್ಕಾಗಿ ನಾವು ಆ ಊರಿಗೆ ಹೋಗಿದ್ದೆವು. ಊಟವಾದ ಮೇಲೆ ಜಗಲಿಯಲ್ಲಿ ಕುಳಿತಿದ್ದಾಗ, ಎಂಬತ್ತನ್ನು ದಾಟಿದ ಹಿರಿಯರೊಬ್ಬರು, ನಾವು ಕಾಲೇಜಿನಲ್ಲಿ ಪಾಠ ಹೇಳುವವರೆಂಬುದನ್ನು ತಿಳಿದು, ಹತ್ತಿರ ಬಂದು ಕುಳಿತರು. ಅವರ ಮೊಮ್ಮಗಳು ಪಿ.ಯು.ಸಿ. ಮುಗಿಸಿ ಬಿ.ಎಸ್‌ಸಿ. ನರ್ಸಿಂಗ್ ಓದಬೇಕೆಂದು ಹಟ ಹಿಡಿದಿದ್ದಳಂತೆ.

"ನಮ್ಮವ್ವ ಒಂದಕ್ಷರ ಕಲಿತೋಳಲ್ಲ ಸ್ವಾಮಿ. ಸುತ್ತಮುತ್ತಲ ಊರಲ್ಲೆಲ್ಲ ಹೆರಿಗೆ ಮಾಡಿಸ್ತಿದ್ದಳು. ಕಾಯಿಲೆ ಬಿದ್ದೋರ ಮಗ್ಗುಲಲ್ಲಿ ರಾತ್ರಿಯೆಲ್ಲಾ ಕೂತಿರ್ತಿದ್ದಳು. ಆ ಕೆಲಸ ಕಲಿಯೋಕೆ ಈಗ ನಾಕು ವರ್ಸ ಯಾಕ್ ಬೇಕು? ಅದರಲ್ಲಿ ಓದೋದು ಏನೈತೆ?" ಎಂದು ಅವರು ಕೇಳಿದರು.

ಪ್ರಶ್ನೆಯಲ್ಲಿ ಕುಚೋದ್ಯವಿರಲಿಲ್ಲ. ಮೊಮ್ಮಗಳ ಭವಿಷ್ಯವನ್ನು ನೆನೆದು, ಮನೆಯ ದುಡ್ಡನ್ನು ಲೆಕ್ಕ ಹಾಕಿ ಕೇಳಿದ ಪ್ರಶ್ನೆ ಅದು. ನಮಗೆ ಆ ಕ್ಷಣಕ್ಕೆ ತಕ್ಕ ಉತ್ತರ ಹೊಳೆಯಲಿಲ್ಲ. ಏನೋ ಎರಡು ಮಾತು ಹೇಳಿ ಜಾರಿಕೊಂಡೆವು. ಆದರೆ ಆ ಮಾತು ನಮ್ಮನ್ನು ಬಿಡಲಿಲ್ಲ. ಪಟ್ಟಣದ ವಿದ್ಯಾವಂತರ ಮನೆಗಳಲ್ಲಿಯೂ ಇದೇ ಪ್ರಶ್ನೆ ಬೇರೆ ರೂಪದಲ್ಲಿ ಕೇಳಿಬರುತ್ತದೆ. ವೈದ್ಯನ ಓದು ಓದು, ದಾದಿಯದು ಬರಿಯ ದುಡಿಮೆ ಎಂಬ ಭಾವನೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಆದಕಾರಣ ಆ ಹಿರಿಯರಿಗೆ ಕೊಡಬೇಕಾಗಿದ್ದ ಉತ್ತರವನ್ನು ಈ ಹೊತ್ತು ಶ್ರೋತೃಗಳ ಮುಂದೆ ಇಡುತ್ತಿದ್ದೇವೆ. ಶುಶ್ರೂಷಾವಿದ್ಯೆಯ ಪದವಿಯಲ್ಲಿ ಏನೇನು ಕಲಿಸುತ್ತಾರೆ, ಆ ಒಂದೊಂದು ವಿಷಯವೂ ಪಾಠಪಟ್ಟಿಯೊಳಕ್ಕೆ ಹೇಗೆ ಬಂದಿತು ಎಂಬುದನ್ನು ವಿಚಾರಿಸಿದರೆ, ಆ ಪಟ್ಟಿಯೇ ಒಂದು ಚರಿತ್ರೆಯೆಂಬುದು ತಿಳಿಯುತ್ತದೆ. ಅದರ ಒಂದೊಂದು ಸಾಲಿನ ಹಿಂದೆಯೂ ಉಳಿಸಬಹುದಾಗಿದ್ದು ಉಳಿಸಲಾರದೆ ಹೋದ ಜೀವಗಳಿವೆ.

ಮೊದಲು ನಮ್ಮ ಹಳೆಯ ಶಾಸ್ತ್ರದ ಅಭಿಪ್ರಾಯವೇನೆಂಬುದನ್ನು ನೋಡೋಣ. ಚರಕಸಂಹಿತೆಯು ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಪರಿಚಾರಕನಲ್ಲಿ ಇರಬೇಕಾದ ಗುಣಗಳೂ ನಾಲ್ಕು: ಉಪಚಾರದ ತಿಳಿವಳಿಕೆ, ಕೈಯ ದಕ್ಷತೆ, ರೋಗಿಯಲ್ಲಿ ಅನುರಾಗ, ಶೌಚ. ಇಲ್ಲಿ ಎರಡು ಅಂಶಗಳು ಗಮನಾರ್ಹವಾದವು. ಮೊದಲನೆಯದು, ಪರಿಚಾರಕನನ್ನು ವೈದ್ಯನ ಆಳೆಂದು ಬಗೆಯದೆ ಚಿಕಿತ್ಸೆಯ ಒಂದು ಪಾದವೆಂದೇ ಎಣಿಸಿರುವುದು. ಎರಡನೆಯದು, ಪ್ರೀತಿಗಿಂತಲೂ ಕೈಚಳಕಕ್ಕಿಂತಲೂ ಮುಂಚೆ ತಿಳಿವಳಿಕೆಯನ್ನು ಹೇಳಿರುವುದು. ಗೆಜ್ಜಲಗೆರೆಯ ಹಿರಿಯರ ತಾಯಿಯಂಥವರಲ್ಲಿ ದಕ್ಷತೆ ಇತ್ತು, ಅನುರಾಗ ಇತ್ತು. ತಿಳಿವಳಿಕೆಯೂ ಒಂದು ಬಗೆಯಲ್ಲಿ ಇತ್ತು. ಆದರೆ ಅದು ಒಬ್ಬಳ ಅನುಭವದಲ್ಲಿ ಹುಟ್ಟಿ, ಅವಳೊಡನೆಯೇ ಮುಗಿಯುವಂಥದು. ಅದನ್ನು ಎಲ್ಲರ ಅನುಭವದೊಡನೆ ಒರೆಹಚ್ಚಿ ನೋಡಿ, ಸರಿಯಾದುದನ್ನು ಉಳಿಸಿ, ತಪ್ಪಾದುದನ್ನು ತೆಗೆದುಹಾಕುವ ವ್ಯವಸ್ಥೆ ಇರಲಿಲ್ಲ. ಆ ವ್ಯವಸ್ಥೆಯನ್ನೇ ನಾವು ಇಂದು ಪದವಿಯ ವ್ಯಾಸಂಗ ಎನ್ನುತ್ತೇವೆ.

ಈ ವ್ಯವಸ್ಥೆಯ ಆಧುನಿಕ ಚರಿತ್ರೆ ಆರಂಭವಾಗುವುದು ಯುದ್ಧವೊಂದರಲ್ಲಿ. ಕ್ರಿಮಿಯಾ ಯುದ್ಧದ ಕಾಲದಲ್ಲಿ, 1854ರ ನವೆಂಬರಿನಲ್ಲಿ, ಫ್ಲಾರೆನ್ಸ್ ನೈಟಿಂಗೇಲ್ ಎಂಬಾಕೆ 38 ಮಂದಿ ಹೆಂಗಸರೊಡನೆ ತುರ್ಕಿಯ ಸ್ಕುಟಾರಿಯಲ್ಲಿದ್ದ ಬ್ರಿಟಿಷ್ ಸೈನಿಕ ಆಸ್ಪತ್ರೆಗೆ ಬಂದಳು. ಅಲ್ಲಿ ಗಾಯದಿಂದ ಸಾಯುತ್ತಿದ್ದವರಿಗಿಂತ ವಿಷಮಜ್ವರ, ವಾಂತಿಭೇದಿ, ಆಮಶಂಕೆಗಳಿಂದ ಸಾಯುತ್ತಿದ್ದವರೇ ಹೆಚ್ಚು. ಆಕೆಯ ಕೈದೀಪವನ್ನು ಲೋಕ ನೆನಪಿಟ್ಟುಕೊಂಡಿದೆ. ಆಕೆಯ ಲೆಕ್ಕದ ಪುಸ್ತಕವನ್ನು ಅಷ್ಟಾಗಿ ನೆನಪಿಟ್ಟಿಲ್ಲ. ಸತ್ತವರೆಷ್ಟು, ಯಾವ ತಿಂಗಳಲ್ಲಿ, ಯಾವ ಕಾರಣದಿಂದ ಎಂಬುದನ್ನು ಎಣಿಸಿ, ಚಿತ್ರಪಟಗಳಾಗಿ ಬರೆದು, ಸರ್ಕಾರದ ಕಣ್ಣು ತೆರೆಸಿದವಳು ಆಕೆ. 1860ರಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಆಕೆಯ ಹೆಸರಿನ ಶುಶ್ರೂಷಾಶಾಲೆ ತೆರೆಯಿತು. ಇಂದು ನಮ್ಮ ಪದವಿಯ ವಿದ್ಯಾರ್ಥಿನಿಯು ಕೊನೆಯ ವರ್ಷದಲ್ಲಿ ಸಂಶೋಧನಾಕ್ರಮವನ್ನೂ ಸಂಖ್ಯಾಶಾಸ್ತ್ರವನ್ನೂ ಓದುತ್ತಾಳೆಂದರೆ ಅನೇಕರು ಹುಬ್ಬೇರಿಸುತ್ತಾರೆ. ಈ ವಿದ್ಯೆ ಹುಟ್ಟಿದ್ದೇ ಎಣಿಕೆಯಿಂದ ಎಂಬುದು ಅವರಿಗೆ ತಿಳಿಯದು.

ನಮ್ಮ ನಾಡಿಗೆ ಈ ವಿದ್ಯೆ ಬಂದುದು ಹೆಚ್ಚಾಗಿ ಕ್ರೈಸ್ತ ಸಂನ್ಯಾಸಿನಿಯರ ಮತ್ತು ಮಿಷನ್ ಆಸ್ಪತ್ರೆಗಳ ಮೂಲಕ. ಬೆಂಗಳೂರಿನ ಸೇಂಟ್ ಮಾರ್ತಾಸ್ ಆಸ್ಪತ್ರೆ 1886ರಲ್ಲಿಯೂ, ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1906ರಲ್ಲಿಯೂ ಆರಂಭವಾದವು. ಸಂಸ್ಥಾನದ ಸರ್ಕಾರವೂ ಹಿಂದುಳಿಯಲಿಲ್ಲ. ವಾಣೀವಿಲಾಸ ಸನ್ನಿಧಾನದವರ ರೀಜೆನ್ಸಿಯ ಕಾಲದಲ್ಲಿ, 1900ರ ಡಿಸೆಂಬರಿನಲ್ಲಿ, ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ತೆರೆಯಿತು. ಆದರೆ ದಾದಿಯ ಕೆಲಸಕ್ಕೆ ಬರುವವರು ಯಾರು? ಅನ್ಯರ ಮೈ ಮುಟ್ಟಬೇಕು, ಮಲಮೂತ್ರ ತೊಳೆಯಬೇಕು, ರಾತ್ರಿ ಮನೆಯ ಹೊರಗಿರಬೇಕು ಎಂಬ ಕಾರಣದಿಂದ ಜಾತಿವಂತರೆನಿಸಿಕೊಂಡವರು ತಮ್ಮ ಹೆಣ್ಣುಮಕ್ಕಳನ್ನು ಕಳುಹಿಸಲು ಬಹುಕಾಲ ಹಿಂದೆಗೆದರು. ಕ್ರೈಸ್ತ ಕುಟುಂಬಗಳ ಹುಡುಗಿಯರೂ ಬಡ ವಿಧವೆಯರೂ ಈ ಭಾರವನ್ನು ಹೊತ್ತರು. ನಾವು ಅವರಿಂದ ಸೇವೆಯನ್ನು ಪಡೆದೆವು. ಗೌರವವನ್ನು ಮಾತ್ರ ಕೊಡಲಿಲ್ಲ.

ಆ ಕಾಲದ ತರಬೇತಿಯಲ್ಲಿ ಪಾಠಕ್ಕಿಂತ ದುಡಿತವೇ ಹೆಚ್ಚು. 1943ರಲ್ಲಿ ನೇಮಕವಾಗಿ 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿಯು ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ದಾದಿಯರು ಸುಮಾರು 7,000 ಮಂದಿ, ಅಂದರೆ 43,000 ಜನಕ್ಕೆ ಒಬ್ಬಳು ಎಂದು ಲೆಕ್ಕ ಹಾಕಿತು. ಅದೇ 1946ರಲ್ಲಿ ದೆಹಲಿಯಲ್ಲಿಯೂ ವೆಲ್ಲೂರಿನಲ್ಲಿಯೂ ಪದವಿಯ ವ್ಯಾಸಂಗ ಮೊದಲಾಯಿತು. ಮರುವರ್ಷ ಭಾರತೀಯ ಶುಶ್ರೂಷಾ ಪರಿಷತ್ತಿನ ಕಾಯಿದೆ ಬಂದಿತು. ದೇಶಕ್ಕೆಲ್ಲ ಒಂದೇ ಮಟ್ಟದ ಪಾಠಕ್ರಮವನ್ನು ಗೊತ್ತುಮಾಡುವ ಕೆಲಸ ಆ ಪರಿಷತ್ತಿನದಾಯಿತು. 1961ರಲ್ಲಿ ನಮ್ಮ ರಾಜ್ಯಕ್ಕೆ ದಾದಿಯರ ನೋಂದಣಿಯ ಕಾಯಿದೆ ಆಯಿತು. 1996ರಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ ಸ್ಥಾಪಿತವಾದ ಮೇಲೆ ಕರ್ನಾಟಕದ ಶುಶ್ರೂಷಾ ಕಾಲೇಜುಗಳು ಬಹುಮಟ್ಟಿಗೆ ಅದರ ಆಶ್ರಯಕ್ಕೆ ಬಂದವು. ನಾಲ್ಕು ವರ್ಷಗಳ ಈ ಓದನ್ನು ಪರಿಷತ್ತು 2021ರಲ್ಲಿ ಎಂಟು ಅರ್ಧವರ್ಷಗಳಾಗಿ ವಿಂಗಡಿಸಿತು. ಈಗ ಹುಡುಗರೂ ಈ ಪದವಿಗೆ ಸೇರುತ್ತಾರೆ. ಮಾತಿನ ಸೌಕರ್ಯಕ್ಕಾಗಿ ನಾವು ವಿದ್ಯಾರ್ಥಿನಿ ಎನ್ನುತ್ತೇವೆ.

ಇನ್ನು ಪಾಠಪಟ್ಟಿಯನ್ನು ತೆರೆಯೋಣ. ಮೊದಲ ವರ್ಷದಲ್ಲಿ ಶರೀರರಚನೆ, ಶರೀರಕ್ರಿಯೆ, ಮನಶ್ಶಾಸ್ತ್ರ, ಸಮಾಜಶಾಸ್ತ್ರ, ಜೀವರಸಾಯನ, ಆಹಾರಶಾಸ್ತ್ರ ಇವುಗಳ ಜತೆಗೆ ಶುಶ್ರೂಷೆಯ ಮೂಲತತ್ತ್ವಗಳು ಎಂಬ ವಿಷಯವಿದೆ. ಹಾಸಿಗೆ ಹಾಸುವುದು, ರೋಗಿಯ ಮೈ ಒರೆಸುವುದು, ಮಗ್ಗುಲು ಬದಲಿಸುವುದು, ನಾಡಿ ಉಸಿರು ಜ್ವರ ರಕ್ತದೊತ್ತಡಗಳನ್ನು ನೋಡಿ ಬರೆದಿಡುವುದು ಎಲ್ಲವೂ ಇದರಲ್ಲಿ ಸೇರಿದವು. ಇದನ್ನು ಕೇಳಿದವರು, ಹಾಸಿಗೆ ಹಾಸುವುದನ್ನೂ ಕಾಲೇಜಿನಲ್ಲಿ ಕಲಿಯಬೇಕೆ ಎಂದು ನಗುವುದುಂಟು. ಒಂದೇ ಮಗ್ಗುಲಲ್ಲಿ ಮಲಗಿದ ಮನುಷ್ಯನ ಮೈಭಾರವು ಮೂಳೆಯ ಮೇಲಿನ ಚರ್ಮವನ್ನು ಒತ್ತಿ, ಅಲ್ಲಿಗೆ ರಕ್ತ ಬಾರದಂತೆ ಮಾಡುತ್ತದೆ. ಕೆಲವೇ ಗಂಟೆಗಳಲ್ಲಿ ಚರ್ಮ ಸಾಯತೊಡಗುತ್ತದೆ. ಹುಣ್ಣು ಮೂಳೆಯವರೆಗೂ ಇಳಿಯಬಹುದು. ಆದಕಾರಣ ಸುಮಾರು ಎರಡು ಗಂಟೆಗೊಮ್ಮೆ ರೋಗಿಯನ್ನು ಹೊರಳಿಸಬೇಕು, ಹಾಸಿಗೆಯಲ್ಲಿ ಮಡಿಕೆ ಇರಬಾರದು, ಒದ್ದೆ ಇರಬಾರದು.

ಈ ಚಿಕ್ಕ ಪಾಠದ ದೊಡ್ಡ ಅರ್ಥವನ್ನು ತಿಳಿಯಬೇಕಾದರೆ ನಮ್ಮವರೇ ಆದ ಒಬ್ಬ ದಾದಿಯ ಕಥೆಯನ್ನು ನೆನೆಯಬೇಕು. ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರು ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ದಾದಿಯಾಗಿದ್ದರು. 1973ರ ನವೆಂಬರ್ 27ರಂದು ಅಲ್ಲಿಯ ಕೆಲಸಗಾರನೊಬ್ಬನ ಘೋರವಾದ ಹಲ್ಲೆಗೆ ಗುರಿಯಾಗಿ ಅವರು ಎಚ್ಚರ ಕಳೆದುಕೊಂಡರು. ಮತ್ತೆ ಸಹಜ ಸ್ಥಿತಿಗೆ ಬರಲೇ ಇಲ್ಲ. 2015ರ ಮೇ 18ರಂದು ತೀರಿಕೊಳ್ಳುವವರೆಗೆ, ನಲವತ್ತೊಂದು ವರ್ಷಕ್ಕೂ ಮೀರಿದ ಕಾಲ, ಆ ಆಸ್ಪತ್ರೆಯ ದಾದಿಯರು ತಲೆಮಾರಿನ ಮೇಲೆ ತಲೆಮಾರು ಅವರಿಗೆ ಉಣಿಸಿದರು, ಮೈ ತೊಳೆದರು, ಹೊರಳಿಸಿ ಮಲಗಿಸಿದರು. 2011ರ ತನ್ನ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಶುಶ್ರೂಷೆಯನ್ನು ಮನಸಾರೆ ಕೊಂಡಾಡಿತು. ಯಾವ ಔಷಧವೂ ಮಾಡಲಾರದುದನ್ನು ಮಾಡಿದ್ದು ಪ್ರಥಮ ವರ್ಷದ ಆ ಪಾಠ. ಅನುರಾಗವೊಂದೇ ಇದಕ್ಕೆ ಸಾಲದು. ಅನುರಾಗಕ್ಕೆ ವಿಧಾನದ ನೆರವಿಲ್ಲದಿದ್ದರೆ ಅದು ಒಂದು ವಾರದಲ್ಲಿ ಸೋತುಹೋಗುತ್ತದೆ.

ಮುಂದಿನದು ಸೂಕ್ಷ್ಮಜೀವಿಶಾಸ್ತ್ರ ಮತ್ತು ಸೋಂಕಿನ ನಿಯಂತ್ರಣ. ಚರಕನ ಶೌಚ ಎಂಬ ಮಾತಿಗೆ ಹತ್ತೊಂಬತ್ತನೆಯ ಶತಮಾನ ಹೊಸ ಅರ್ಥವನ್ನು ಕೊಟ್ಟಿತು. 1847ರಲ್ಲಿ ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ಸೆಮ್ಮೆಲ್ವೈಸ್ ಎಂಬ ವೈದ್ಯ ಒಂದು ಸಂಗತಿಯನ್ನು ಕಂಡ. ಅಲ್ಲಿ ಎರಡು ವಿಭಾಗಗಳು: ಒಂದರಲ್ಲಿ ವೈದ್ಯವಿದ್ಯಾರ್ಥಿಗಳು, ಇನ್ನೊಂದರಲ್ಲಿ ಸೂಲಗಿತ್ತಿಯರ ವೃತ್ತಿಯನ್ನು ಕಲಿಯುವವರು ಹೆರಿಗೆ ಮಾಡಿಸುತ್ತಿದ್ದರು. ಬಾಣಂತಿಯರ ಸಾವು ವೈದ್ಯರ ವಿಭಾಗದಲ್ಲಿಯೇ ಬಹಳ ಹೆಚ್ಚು. ಕಾರಣ, ಅವರು ಹೆಣ ಕೊಯ್ದ ಕೈಯಲ್ಲಿಯೇ ಹೆರಿಗೆ ಕೋಣೆಗೆ ಬರುತ್ತಿದ್ದರು. ಸುಣ್ಣದ ಕ್ಲೋರಿನ್ ದ್ರವದಲ್ಲಿ ಕೈ ತೊಳೆಯಬೇಕೆಂದು ಸೆಮ್ಮೆಲ್ವೈಸ್ ಕಟ್ಟುಮಾಡಿದ ಮೇಲೆ, ಏಪ್ರಿಲಿನಲ್ಲಿ ನೂರಕ್ಕೆ 18ರಷ್ಟಿದ್ದ ಸಾವು ಜೂನಿನ ಹೊತ್ತಿಗೆ 2ರ ಆಸುಪಾಸಿಗೆ ಇಳಿಯಿತು. ಓದಿದವರ ಕೈಯೇ ಕೊಲ್ಲಬಲ್ಲದು ಎಂಬುದನ್ನೂ ಈ ಚರಿತ್ರೆ ಹೇಳುತ್ತದೆ. ಆದುದರಿಂದಲೇ ಕೈ ತೊಳೆಯುವ ಪಾಠ ಎಲ್ಲಕ್ಕಿಂತ ಮುಂಚಿನದು. ನಮ್ಮ ಬೆಂಗಳೂರಿಗೆ 1898ರ ಆಗಸ್ಟಿನಲ್ಲಿ ಪ್ಲೇಗು ಬಂದಾಗ ಊರು ತೆರವಾಯಿತು; ಬಸವನಗುಡಿ ಮಲ್ಲೇಶ್ವರಗಳಂಥ ಬಡಾವಣೆಗಳು ಬೆಳೆದದ್ದು ಆ ಭಯದ ಫಲ. ಕಾಣದ ಜೀವಿಯ ಲೆಕ್ಕವನ್ನು ಅರಿಯದ ಊರು ಎಂಥ ಬೆಲೆಯನ್ನು ತೆರಬೇಕೆಂಬುದನ್ನು ಅಂದಿನವರು ಕಣ್ಣಾರೆ ಕಂಡರು.

ಗೆಜ್ಜಲಗೆರೆಯ ಜನಕ್ಕೆ ಈ ವಿಷಯವನ್ನು ವಿವರಿಸಲು ದೂರ ಹೋಗಬೇಕಾಗಿಲ್ಲ. ಹಾಲನ್ನು ಸಾಮಾನ್ಯವಾಗಿ 72 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ 15 ಸೆಕೆಂಡು ಇಟ್ಟು ಕೂಡಲೆ ತಣಿಸುವುದು ಡೈರಿಗಳ ಪದ್ಧತಿ. ಹಾಗೆ ಮಾಡದಿದ್ದರೆ ರೋಗದ ಬೀಜಗಳು ಹಾಲಿನಲ್ಲಿ ಉಳಿಯುತ್ತವೆ. ಮಕ್ಕಳಿಗೆ ಹಾಕುವ ಲಸಿಕೆಗಳಲ್ಲಿ ಹೆಚ್ಚಿನವನ್ನು 2ರಿಂದ 8 ಡಿಗ್ರಿಯ ತಣಿವಿನಲ್ಲಿ ಇಟ್ಟುಕೊಳ್ಳಬೇಕು. ತಣಿವು ತಪ್ಪಿದರೆ ಸೀಸೆಯಲ್ಲಿ ನೀರಿದ್ದಂತೆಯೇ. ಹಾಲು ಕೆಟ್ಟರೆ ಮೂಗಿಗೆ ಗೊತ್ತಾಗುತ್ತದೆ. ಲಸಿಕೆ ಕೆಟ್ಟರೆ ಯಾರಿಗೂ ಗೊತ್ತಾಗದು; ಆ ಎಚ್ಚರವನ್ನು ದಾದಿಯೇ ಹೊತ್ತಿರಬೇಕು.

ಔಷಧಶಾಸ್ತ್ರದಲ್ಲಿ ಮದ್ದಿನ ಹೆಸರನ್ನು ಬಾಯಿಪಾಠ ಮಾಡುವುದಕ್ಕಿಂತ ಲೆಕ್ಕವೇ ಮುಖ್ಯ. ಅರ್ಧ ಲೀಟರು ಲವಣದ್ರವವನ್ನು ನಾಲ್ಕು ಗಂಟೆಯಲ್ಲಿ ಏರಿಸಬೇಕೆಂದು ವೈದ್ಯರು ಬರೆದಿಟ್ಟು ಹೋಗುತ್ತಾರೆ. ನಳಿಕೆಯಲ್ಲಿ ಒಂದು ಮಿಲಿಲೀಟರಿಗೆ 20 ಹನಿ ಬೀಳುತ್ತವೆಂದಾದರೆ ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? ಸುಮಾರು 42. ಈ ಲೆಕ್ಕವನ್ನು ನಡುರಾತ್ರಿ ಮೂರು ಗಂಟೆಗೆ, ಮೂವತ್ತು ರೋಗಿಗಳ ನಡುವೆ, ಒಬ್ಬಳೇ ನಿಂತು ಮಾಡಬೇಕು. ಸರಿಯಾದ ರೋಗಿ, ಸರಿಯಾದ ಮದ್ದು, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ವೇಳೆ ಎಂಬ ಐದನ್ನೂ ಪ್ರತಿಸಲವೂ ನೋಡಿಕೊಳ್ಳಬೇಕು. ನಾವು ನಮ್ಮ ತರಗತಿಯಲ್ಲಿ ತಪ್ಪು ಹೇಳಿದರೆ ಮರುದಿನ ತಿದ್ದಿಕೊಳ್ಳಬಹುದು. ಅವಳಿಗೆ ಆ ಮರುದಿನವಿಲ್ಲ. ಬೆಳೆದವರು ವಿಶ್ರಾಂತಿಯಲ್ಲಿ ನಿಮಿಷಕ್ಕೆ 12ರಿಂದ 20 ಸಲ ಉಸಿರಾಡುತ್ತಾರೆ, ಆಗತಾನೆ ಹುಟ್ಟಿದ ಕೂಸು 30ರಿಂದ 60 ಸಲ. ಈ ಎಣಿಕೆ ದಾರಿ ತಪ್ಪಿದುದನ್ನು ಮೊದಲು ಕಾಣುವುದು ವೈದ್ಯರ ಕಣ್ಣಲ್ಲ, ಮಗ್ಗುಲಲ್ಲಿರುವ ದಾದಿಯ ಕಣ್ಣು. ಹೊಸ ಹೆದ್ದಾರಿಯಲ್ಲಿ ಅಪಘಾತವಾದಾಗಲೂ ಹಾಗೆಯೇ. ಪ್ರಥಮ ಚಿಕಿತ್ಸೆಯನ್ನು ಬಲ್ಲ ಒಂದು ಕೈ ಹತ್ತಿರವಿದ್ದರೆ ಒಂದು ಜೀವ ಉಳಿಯಬಹುದು.

ಇನ್ನು ಸಮುದಾಯ ಆರೋಗ್ಯ ಶುಶ್ರೂಷೆ. ಇದು ಆಸ್ಪತ್ರೆಯ ಹೊರಗಿನ ಪಾಠ. ಮಂಡ್ಯದ ಸೀಮೆಗೆ ಇದರ ಅರ್ಥ ಬೇರೆಯವರಿಗಿಂತ ಚೆನ್ನಾಗಿ ಗೊತ್ತಿರಬೇಕು. ಕನ್ನಂಬಾಡಿಯ ಕಟ್ಟೆಯಿಂದ ಇರ್ವಿನ್ ನಾಲೆ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆ, ಹರಿದುಬಂದಾಗ ಒಣಭೂಮಿ ಗದ್ದೆಯಾಯಿತು, ಕಬ್ಬು ಬೆಳೆಯಿತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು, 1939ರಲ್ಲಿ ಮಂಡ್ಯ ಒಂದು ಜಿಲ್ಲೆಯೇ ಆಯಿತು. ಆದರೆ ನೀರಿನ ಜತೆಯಲ್ಲಿ ಮಲೇರಿಯವೂ ಬಂದಿತು. ನಿಂತ ನೀರಿನಲ್ಲಿ ಸೊಳ್ಳೆ, ಸೊಳ್ಳೆಯಿಂದ ಚಳಿಜ್ವರ. ಎಷ್ಟು ಕ್ವಿನೈನ್ ನುಂಗಿಸಿದರೂ ನೀರು ಬಸಿದುಹೋಗುವ ದಾರಿಯಿಲ್ಲದಿದ್ದರೆ ಫಲವಿಲ್ಲ. ಭಾರತಕ್ಕೆ ಒಮ್ಮೆಯೂ ಬಾರದ ನೈಟಿಂಗೇಲ್ 1874ರಷ್ಟು ಹಿಂದೆಯೇ, ನೀರಾವರಿಯೆಂಬುದು ಭಾರತಕ್ಕೆ ಜೀವನ್ಮರಣದ ಪ್ರಶ್ನೆಯೆಂದು ಬರೆದಿದ್ದಳು ಎಂಬುದು ಇಲ್ಲಿ ಸ್ಮರಣೀಯ. ಮೈಸೂರು ಸಂಸ್ಥಾನವು ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಾಯದಿಂದ ಮಲೇರಿಯದ ಶೋಧನೆಯನ್ನು ಕೈಗೊಂಡಿತು. 1930ರ ದಶಕದಲ್ಲಿ ಇದೇ ಹೆದ್ದಾರಿಯ ಕ್ಲೋಸ್‌ಪೇಟೆಯಲ್ಲಿ, ಎಂದರೆ ಇಂದಿನ ರಾಮನಗರದಲ್ಲಿ, ಗ್ರಾಮಾಂತರ ಆರೋಗ್ಯ ಕೇಂದ್ರವೊಂದು ನಡೆಯಿತು. ಮನೆಮನೆಗೆ ಹೋಗಿ ಗರ್ಭಿಣಿಯನ್ನೂ ಕೂಸನ್ನೂ ವಿಚಾರಿಸುವ ಆರೋಗ್ಯ ಸಂದರ್ಶಕಿ ಎಂಬ ಹೊಸ ವ್ಯಕ್ತಿಯು ನಮ್ಮ ಹಳ್ಳಿಗೆ ಬಂದುದು ಇಂಥ ಪ್ರಯತ್ನಗಳಿಂದ. ಪದವಿಯ ವಿದ್ಯಾರ್ಥಿನಿಯು ಇಂದು ಒಂದು ಹಳ್ಳಿಯನ್ನು ಆರಿಸಿಕೊಂಡು, ಬಾವಿ ಚರಂಡಿ ಶೌಚಾಲಯಗಳನ್ನು ನೋಡಿ, ಮನೆಗಳ ಲೆಕ್ಕ ಬರೆಯುವಾಗ, ಆ ಕೆಲಸವನ್ನೇ ಮುಂದುವರಿಸುತ್ತಿರುತ್ತಾಳೆ.

ಮಾನಸಿಕ ರೋಗಿಗಳ ಶುಶ್ರೂಷೆಯಲ್ಲಿ ನಮ್ಮ ರಾಜಧಾನಿಯ ಹೆಸರು ದೇಶಕ್ಕೇ ದೊಡ್ಡದು. ಬೆಂಗಳೂರಿನ ಹುಚ್ಚಾಸ್ಪತ್ರೆಯನ್ನು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಕರೆದರು. ಹೆಸರು ಬದಲಾದಾಗಲೇ ದೃಷ್ಟಿಯೂ ಅರ್ಧ ಬದಲಾಯಿತೆನ್ನಬೇಕು. 1954ರಲ್ಲಿ ಅಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಸ್ಥಾಪಿತವಾಗಿ, ದಾದಿಯರಿಗೂ ಈ ವಿಷಯದಲ್ಲಿ ವಿಶೇಷ ಶಿಕ್ಷಣ ದೊರೆಯತೊಡಗಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ರೋಗಿಯನ್ನು ಸರಪಳಿಯಲ್ಲಿ ಕಟ್ಟಿಹಾಕುವುದನ್ನು 2017ರ ಮಾನಸಿಕ ಆರೋಗ್ಯ ರಕ್ಷಣೆಯ ಕಾಯಿದೆ ನಿಷೇಧಿಸಿದೆ. ಸರಪಳಿ ಬಿಚ್ಚಿದ ಮೇಲೆ ಉದ್ರಿಕ್ತನಾದ ಮನುಷ್ಯನ ಹತ್ತಿರ ಹೇಗೆ ನಿಲ್ಲಬೇಕು, ಯಾವ ಮಾತನ್ನು ಯಾವ ಸ್ವರದಲ್ಲಿ ಆಡಬೇಕು, ಯಾವಾಗ ಸುಮ್ಮನಿರಬೇಕು ಎಂಬುದು ಮೂರನೆಯ ವರ್ಷದ ಪಾಠ.

ಈಗ ಆ ಹಿರಿಯರ ತಾಯಿಯ ವಿದ್ಯೆಗೆ, ಎಂದರೆ ಪ್ರಸೂತಿಶಾಸ್ತ್ರಕ್ಕೆ, ಬರೋಣ. ಸೂಲಗಿತ್ತಿಯರನ್ನು ಅಜ್ಞಾನಿಗಳೆಂದು ಜರೆಯುವುದು ವಿದ್ಯಾವಂತರಲ್ಲಿ ಒಂದು ಚಟ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಮಾಡಿಸಿದರೆಂದು ಪ್ರಸಿದ್ಧಿ. 2018ರಲ್ಲಿ ಅವರಿಗೆ ಪದ್ಮಶ್ರೀ ಗೌರವ ಬಂದಿತು, ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ವೈದ್ಯರಿಲ್ಲದ ಊರುಗಳಲ್ಲಿ ಇಂಥವರ ಬೆರಳುಗಳೇ ಆಸ್ಪತ್ರೆಯಾಗಿದ್ದವು. ಹೊಟ್ಟೆಯ ಮೇಲೆ ಕೈಯಿಟ್ಟು ಕೂಸಿನ ತಲೆ ಎಲ್ಲಿದೆಯೆಂದು ಹೇಳುವ ಆ ವಿದ್ಯೆಯನ್ನೇ ಇಂದಿನ ವಿದ್ಯಾರ್ಥಿನಿಯೂ ಕಲಿಯುತ್ತಾಳೆ.

ಆದರೆ ಗೆಜ್ಜಲಗೆರೆಯಲ್ಲಿ ನಾವು ಹೊರಡಲು ಎದ್ದಾಗ ಆ ಹಿರಿಯರು ಇನ್ನೊಂದು ಮಾತು ಹೇಳಿದರು. ಅವರ ತಾಯಿ ಊರವರ ಕೂಸುಗಳನ್ನು ಎತ್ತಿದಳು. ಅವಳ ಸ್ವಂತ ಕೂಸುಗಳಲ್ಲಿ ಎರಡು, ಹುಟ್ಟಿ ಎಂಟು ದಿನ ದಾಟಲಿಲ್ಲ. ಹಾಲು ಬಿಟ್ಟು, ದವಡೆ ಕಚ್ಚಿ, ಬಿಲ್ಲಿನಂತೆ ಸೆಟೆದು ಹೋದವು. ಅದು ಗಾಳಿಯ ಸೋಂಕೆಂದು ಅವಳು ಕೊನೆಯವರೆಗೂ ನಂಬಿದ್ದಳಂತೆ. ಶ್ರೋತೃಗಳು ಊಹಿಸಿರಬಹುದು, ಅದು ಧನುರ್ವಾಯು. ಕುಡುಗೋಲಿನಿಂದಲೋ ಬಿದಿರಿನ ಸೀಳಿನಿಂದಲೋ ಹೊಕ್ಕುಳಬಳ್ಳಿಯನ್ನು ಕತ್ತರಿಸಿ, ಗಾಯಕ್ಕೆ ಬೂದಿ ಸಗಣಿ ಹಚ್ಚುವಾಗ ಮಣ್ಣಿನಲ್ಲಿರುವ ರೋಗಬೀಜ ಒಳಸೇರುತ್ತದೆ. ಬೇಕಾಗಿದ್ದುದು ಕುದಿಸಿದ ಒಂದು ಅಲಗು, ತೊಳೆದ ಕೈ, ತಾಯಿಗೆ ಬಸುರಿನಲ್ಲಿ ಹಾಕುವ ಲಸಿಕೆ. ದಕ್ಷತೆಯೂ ಅನುರಾಗವೂ ಇದ್ದ ಆ ತಾಯಿಗೆ ಇಷ್ಟನ್ನು ಹೇಳುವವರು ಯಾರೂ ಇರಲಿಲ್ಲ. 2015ರಲ್ಲಿ ಬಾಣಂತಿಯರ ಮತ್ತು ನವಜಾತ ಶಿಶುಗಳ ಧನುರ್ವಾಯು ಭಾರತದಿಂದ ನಿರ್ಮೂಲವಾಯಿತೆಂದು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿಕೊಂಡಿತು. 2018ರಿಂದ 2020ರವರೆಗಿನ ಸರ್ಕಾರಿ ಲೆಕ್ಕದಂತೆ ಕರ್ನಾಟಕದಲ್ಲಿ ಲಕ್ಷ ಜೀವಂತ ಜನನಗಳಿಗೆ 69 ಮಂದಿ ತಾಯಂದಿರು ಸಾಯುತ್ತಿದ್ದರು. ಇನ್ನೂ ಉಳಿದಿರುವ ಇಂಥ ಸಾವುಗಳನ್ನು ಇಳಿಸುವುದು ಈಗಿನ ವಿದ್ಯಾರ್ಥಿನಿಯ ಹೊಣೆ.

ಪಟ್ಟಿಯಲ್ಲಿ ವೃತ್ತಿಧರ್ಮ ಮತ್ತು ಕಾನೂನು ಎಂಬ ವಿಷಯಗಳೂ ಇವೆ. ಇವು ಒಣ ಉಪದೇಶವೆಂದು ತಳ್ಳಿಹಾಕುವವರು 2023ರ ಕೊನೆಯ ತಿಂಗಳುಗಳನ್ನು ನೆನೆಯಬೇಕು. ಮಂಡ್ಯ ಸೀಮೆಯ ಆಲೆಮನೆಯೊಂದರಲ್ಲಿ ಯಂತ್ರವನ್ನಿಟ್ಟು ಬಸುರಿಯರ ಗರ್ಭವನ್ನು ಪರೀಕ್ಷಿಸಿ, ಹೆಣ್ಣೆಂದು ತಿಳಿದರೆ ಗರ್ಭಪಾತಕ್ಕೆ ಕಳುಹಿಸುತ್ತಿದ್ದ ಜಾಲವನ್ನು ಪೊಲೀಸರು ಹಿಡಿದರು. ಬೆಲ್ಲ ಕುದಿಯುವ ಮನೆಯಲ್ಲಿ ಇಂಥ ಕಹಿ ಕುದಿಯುತ್ತಿತ್ತು. ಲಿಂಗಪತ್ತೆಯನ್ನು 1994ರ ಕಾಯಿದೆ ನಿಷೇಧಿಸಿದೆ. ಆದರೂ ಆಸ್ಪತ್ರೆಗಳ ಕೆಲಸವನ್ನು ಬಲ್ಲವರ ನೆರವಿಲ್ಲದೆ ಇಂಥ ವ್ಯವಹಾರ ನಡೆಯಲಾರದು. ತಿಳಿವಳಿಕೆ ಮಾತ್ರ ಇದ್ದು ಧರ್ಮವಿಲ್ಲದಿದ್ದರೆ ಆಗುವುದು ಇದೇ. ಚರಕನು ಅನುರಾಗವನ್ನು ನಾಲ್ಕರಲ್ಲಿ ಒಂದಾಗಿ ಸೇರಿಸಿದ್ದು ಸುಮ್ಮನೆ ಅಲ್ಲ.

ಇಷ್ಟು ಹೇಳಿ, ಕೊರತೆಯನ್ನು ಮುಚ್ಚಿಟ್ಟರೆ ತಪ್ಪಾದೀತು. ಈ ಪದವಿಯ ಪಾಠಗಳೆಲ್ಲ ಇಂಗ್ಲಿಷಿನಲ್ಲಿ. ರೋಗಿಯ ನೋವೆಲ್ಲ ಕನ್ನಡದಲ್ಲಿ. ಮದ್ದೂರಿನ ಮುದುಕಿ ಎದೆ ಹಿಂಡುತ್ತದೆ ಎನ್ನುವುದಕ್ಕೂ ಎದೆ ಉರಿಯುತ್ತದೆ ಎನ್ನುವುದಕ್ಕೂ ಇರುವ ವ್ಯತ್ಯಾಸದಲ್ಲಿ ಅವಳ ಪ್ರಾಣವಿರಬಹುದು. ಆ ಮಾತನ್ನು ವೈದ್ಯರ ಭಾಷೆಗೆ ತಿರುಗಿಸುವವಳು ದಾದಿ. ಇಂಗ್ಲಿಷ್ ಸಂಭಾಷಣೆಯನ್ನು ಮೊದಲ ಅರ್ಧವರ್ಷದಲ್ಲಿಯೇ ಕಲಿಸುವ ಪಟ್ಟಿಯು ರೋಗಿಯ ಭಾಷೆಗೂ ಅಷ್ಟೇ ಸ್ಥಾನ ಕೊಡಬೇಕೆಂದು ನಮ್ಮ ಅಭಿಪ್ರಾಯ. ಎರಡನೆಯದು, ಈ ವಿದ್ಯೆ ರೋಗಿಯ ಹಾಸಿಗೆಯ ಮಗ್ಗುಲಲ್ಲಿ ಬರಬೇಕೇ ಹೊರತು ಹಲಗೆಯ ಮುಂದೆ ಅಲ್ಲ. ಕೊನೆಯ ಅರ್ಧವರ್ಷವನ್ನು ಪೂರ್ತಿಯಾಗಿ ಆಸ್ಪತ್ರೆಯ ಕೆಲಸಕ್ಕೇ ಮೀಸಲಿಟ್ಟಿರುವುದು ಇದಕ್ಕಾಗಿ. ರೋಗಿಗಳಿಲ್ಲದ ಕಾಲೇಜು ಕೆರೆಯಿಲ್ಲದ ತೂಬಿನಂತೆ. ಮಗಳನ್ನು ಸೇರಿಸುವ ತಂದೆತಾಯಿಗಳು ಕಟ್ಟಡವನ್ನು ನೋಡುವುದಕ್ಕೆ ಮೊದಲು ಹಾಸಿಗೆಗಳನ್ನು ನೋಡಬೇಕು. ಮೂರನೆಯದು, ಹೀಗೆ ಕಲಿತವರಲ್ಲಿ ಅನೇಕರು ಹೊರದೇಶಗಳಿಗೆ ಹೋಗುತ್ತಾರೆ. ಅವರನ್ನು ದೂರುವ ಮುಂಚೆ, ಇಲ್ಲಿ ಅವರಿಗೆ ನಾವು ಕೊಡುವ ಸಂಬಳವನ್ನೂ ಮರ್ಯಾದೆಯನ್ನೂ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಗೆಜ್ಜಲಗೆರೆಯ ಹಿರಿಯರ ಪ್ರಶ್ನೆಗೆ ಈಗ ಉತ್ತರ ಹೇಳಬಹುದೆಂದು ತೋರುತ್ತದೆ. ನಿಮ್ಮ ತಾಯಿ ಮಾಡಿದ ಕೆಲಸವನ್ನೇ ನಿಮ್ಮ ಮೊಮ್ಮಗಳೂ ಮಾಡುತ್ತಾಳೆ. ನಾಲ್ಕು ವರ್ಷ ಬೇಕಾಗಿರುವುದು, ನಿಮ್ಮ ತಾಯಿಗೆ ಯಾರೂ ಹೇಳದೆ ಹೋದುದನ್ನು ಅವಳಿಗೆ ಹೇಳುವುದಕ್ಕಾಗಿ. ಕೈಯ ಹದವೂ ಮನಸ್ಸಿನ ಮರುಕವೂ ಅವಳಿಗೆ ಮುತ್ತಜ್ಜಿಯಿಂದ ಬಂದಿರಬಹುದು. ಉಳಿದುದನ್ನು ಓದಿಯೇ ಪಡೆಯಬೇಕು. ಆ ಎರಡು ಕೂಸುಗಳಿಗೆ ಹೆಸರಿಡುವ ಹೊತ್ತೂ ಬಂದಿರಲಿಲ್ಲವೆಂದು ಅವರು ಹೇಳಿದರು. ಮೊಮ್ಮಗಳ ಪಾಠಪಟ್ಟಿಯಲ್ಲಿ ಹೊಕ್ಕುಳಬಳ್ಳಿಯ ಆರೈಕೆ ಎಂಬ ಒಂದು ಸಾಲಿದೆ. ಅವಳನ್ನು ಓದಿಸಬೇಕೆಂದು ನಾವು ಅವರಿಗೆ ಈ ಭಾಷಣದ ಮೂಲಕ ಅರಿಕೆ ಮಾಡಿಕೊಳ್ಳುತ್ತೇವೆ.